ನೆಗಡಿಯ ನಾಲ್ಕನೇ ದಿನಕ್ಕೆ ಕಾಯುವ ಹಮೀದಾಬಿ

ಬೆಳಗಿನ ಆರು ಗಂಟೆ. ಮನೋಳಿಯ ಓಣಿಯೊಂದರಲ್ಲಿ ಆಶಾ ಕಾರ್ಯಕರ್ತೆ ಹಮೀದಾಬಿ ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದಾರೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ. ನಡುವೆ ಸೀನು: ಒಂದು, ಎರಡು, ಮೂರು. ಬಡಿತ ನಿಲ್ಲುತ್ತದೆ. ಪರರ ಬಾಗಿಲಲ್ಲಿ ಹೀಗೆ ನಿಲ್ಲುವುದನ್ನು ಯಾವ ಊರೂ ಮೆಚ್ಚುವುದಿಲ್ಲ. ಹಮೀದಾಬಿಗೆ ಅದು ಕೆಲಸ.

“ಸುಂದರಕ್ಕಾ, ನೆಗಡಿ ಯಾವಾಗ ಬಂತ್ರಿ?”

“ನಿನ್ನೆ. ನನ್ನ ಮೂಗೇನು ಊರಾಗ ಡಂಗುರಾ ಸಾರೇತೇನ?”

“ಪಂಪ್ ತಗೊಂಡ್ರೇನ?”

ಬಾಗಿಲು ತೆರೆಯುತ್ತದೆ. ರೊಟ್ಟಿ ಮಾಡಿ ಮಾರುವ ಸುಂದರವ್ವನಿಗೆ ಹಿಟ್ಟಿನ ಧೂಳು ಅಲರ್ಜಿ, ಜೊತೆಗೆ ದಮ್ಮು. ದಿನಾಲೂ ಎಳೆದುಕೊಳ್ಳಿ ಎಂದು ವೈದ್ಯರು ಕೊಟ್ಟ ಇನ್‌ಹೇಲರ್ ಪಂಪ್ ನಿನ್ನೆಯಿಂದ ಸಾಸಿವೆ ಡಬ್ಬಿಯ ಹಿಂದೆ ಕೂತಿದೆ.

“ಗಂಟಲಿಗೆ ತಣ್ಣಗ ಬಡೀತೈತಿ. ನೆಗಡ್ಯಾಗ ತಂಪು ಬ್ಯಾಡ ಅಂದಾಕಿ ನೀನ ಅಲ್ಲೇನ?”

ಹೌದು, ಅವರೇ. ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಮನೆಮನೆಗೆ ಹಾಗೆ ಹೇಳುತ್ತ ಹೋದರು. ಅವರ ಮನಸ್ಸಿನಲ್ಲಿದ್ದದ್ದು ಐಸ್‌ಕ್ರೀಂ. ಜನ ಪಂಪನ್ನೂ ಆ ಸಾಲಿಗೆ ಸೇರಿಸಿದರು. ಹಮೀದಾಬಿಯ ಹತ್ತು ಮಾತಿನಲ್ಲಿ ಒಂಬತ್ತನ್ನು ಕೇಳದ ಓಣಿ, ಶ್ರದ್ಧೆಯಿಂದ ಪಾಲಿಸಿದ್ದು ಇದೊಂದನ್ನೇ. ಕಳೆದ ವರ್ಷ ಪಂಪ್ ಬಿಟ್ಟ ಸುಂದರವ್ವ ನೆಗಡಿಯ ನಾಲ್ಕನೇ ದಿನ ಮಾತಿಗೂ ಉಸಿರು ಸಾಲದೆ ಆಂಬುಲೆನ್ಸಿನಲ್ಲಿ ಸವದತ್ತಿ ಆಸ್ಪತ್ರೆಗೆ ಹೋದರು.

“ಗಾಡ್ಯಾಗ ಕೈ ಹಿಡಕೊಂಡು ಕುಂತಿದ್ನಿರಿ,” ಎನ್ನುತ್ತಾರೆ ಹಮೀದಾಬಿ. “ಅಕ್ಕನ್ನ ಅಲ್ಲೀಮಟ ಒಯ್ದದ್ದು ನನ್ನ ಮಾತರಿ.”

ಅಂದಿನಿಂದ ಆಡಿದ ಮಾತನ್ನು ಹಿಂದಕ್ಕೆ ತರಲು ತಿರುಗುತ್ತಿದ್ದಾರೆ. ಪಾಲಿಗೆ ಇನ್ನೂರು ಮನೆ, ಅದರಲ್ಲಿ ದಮ್ಮಿನವರು ಹದಿನಾಲ್ಕು. ಹತ್ತನೇ ಇಯತ್ತೆಗೆ ಶಾಲೆ ಬಿಟ್ಟ ಅವರು ತರಬೇತಿಗೆ ಬಂದ ವೈದ್ಯರನ್ನು ಊಟಕ್ಕೂ ಬಿಡದೆ ಕೇಳಿ ತಿಳಿದುಕೊಂಡದ್ದು ಇಷ್ಟು: ಅಲರ್ಜಿಯ ದಮ್ಮು ಇದ್ದವರ ಉಸಿರುನಾಳ ಮೊದಲೇ ಊದಿಕೊಂಡಿರುತ್ತದೆ, ನೆಗಡಿಯ ವೈರಸ್ಸನ್ನು ತಡೆಯುವ ಶಕ್ತಿಯೂ ಅಲ್ಲಿ ಮಂದ. ವೈರಸ್ ಮೂಗಿನಿಂದ ಎದೆಗಿಳಿದರೆ ಊತ ಬೆಳೆದು ಉಸಿರಿನ ದಾರಿ ಇಕ್ಕಟ್ಟಾಗುತ್ತದೆ; ಆ ಊತವನ್ನು ಹಿಡಿತದಲ್ಲಿಡುವುದು ದಿನದ ಪಂಪ್. ಓಣಿಗೆ ಅವರು ಇದನ್ನು ಬೇರೆ ರೀತಿ ಹೇಳುತ್ತಾರೆ.

“ಧೂಳಿನ ಸಂಗಾಟ ಎದಿಯೊಳಗ ಮೊದಲ ಜಗಳಾ ನಡದಿರತೈತ್ರಿ. ಅಂಥಾ ಮನಿಗೆ ಬೀಗರು ಬಂದು ಇಳದಂಗ ಈ ನೆಗಡಿ. ಬೀಗರು ನಾಕ ದಿನಕ್ಕ ಹೋಗ್ತಾರ, ಜಗಳಾ ಉಳೀತೈತಿ.”

ಸುಂದರವ್ವ ಸುಲಭಕ್ಕೆ ಬಗ್ಗುವುದಿಲ್ಲ. “ಆಗೊಂದ ಹೇಳ್ತಿ, ಈಗೊಂದ ಹೇಳ್ತಿ. ಯಾವ ಹಮೀದಾನ್ನ ನಂಬಲಿ?”

“ತಪ್ಪ ಹೇಳಿದಾಕೀನೂ ನಾನ, ತಿದ್ದಾಕ ಬಂದಾಕೀನೂ ನಾನರಿ ಅಕ್ಕಾ. ಪಂಪಿನ ತಂಪಿನಿಂದ ನೆಗಡಿ ಹೆಚ್ಚಾಗೂದಿಲ್ಲ. ಆ ಗಾಡ್ಯಾಗ ಮತ್ತ ನನ್ನ ಕುಂದ್ರಸಬ್ಯಾಡ್ರಿ.”

ಸುಂದರವ್ವ ಅವರ ಮುಖವನ್ನೇ ನೋಡುತ್ತಾರೆ. ಹಿಟ್ಟಿನ ಕೈ ತೊಳೆದು ಪಂಪ್ ಎಳೆದುಕೊಂಡು ಉಸಿರು ಹಿಡಿಯುತ್ತಾರೆ. ಹಮೀದಾಬಿ ಹತ್ತರವರೆಗೆ ಎಣಿಸಿ, “ಈಗ ಬಿಡ್ರಿ, ಬಾಯಿ ಮುಕ್ಕಳಸ್ರಿ,” ಎಂದು ಮುಂದಿನ ಮನೆಗೆ ನಡೆಯುತ್ತಾರೆ. ಮರುದಿನವೂ ಬರುತ್ತಾರೆ.

ನೆಗಡಿಯ ನಾಲ್ಕನೇ ದಿನ ಅವರ ಹೆಜ್ಜೆ ಓಣಿಯ ತಿರುವಿನಲ್ಲೇ ನಿಲ್ಲುತ್ತದೆ. ನಳದ ಹತ್ತಿರ ಸುಂದರವ್ವ, ಸರದಿ ಮುರಿದು ಕೊಡ ಇಟ್ಟ ಗಂಗಯ್ಯನ ಏಳು ತಲೆಮಾರನ್ನೂ ವಿಚಾರಿಸಿಕೊಳ್ಳುತ್ತಿದ್ದಾರೆ. ನಡುವೆ ಬಾಯಿ ಹಾಕಲು ಗಂಗಯ್ಯ ಸಂದು ಹುಡುಕುತ್ತಿದ್ದಾನೆ, ಸಿಗುತ್ತಿಲ್ಲ.

ಹಮೀದಾಬಿ ಸೆರಗು ಸರಿಮಾಡಿಕೊಳ್ಳುತ್ತಾರೆ. “ನೋಡ್ರಿ,” ಎನ್ನುತ್ತಾರೆ ಮೆಲ್ಲಗೆ, “ಉಸಿರಿಗಂತ ಒಮ್ಮೆರ ನಿಂತಾಳೇನು ನೋಡ್ರಿ.”