ಹಳ್ಳದಾಚೆಯ ಚಾಚಾ

ಚಾಚಾನ ಬೆರಳತುದಿಗಳು ಬೇಯಿಸಿದ ಕಡಲೆಕಾಯಿ ಬೀಜದ ಹಾಗೆ ಬಿಳಿಚಿ ಸುಕ್ಕುಗಟ್ಟಿದ್ದವು. ಕುದಿಯುವ ನೀರಿನಲ್ಲಿ ರೇಷ್ಮೆಗೂಡಿನ ಎಳೆ ಹುಡುಕುವ ಕೈ ಅದು. ಆ ಬೆರಳನ್ನು ನಮ್ಮ ಮೂಗಿನ ಮುಂದೆ ಆಡಿಸುತ್ತ ಅವರು ಹೇಳುತ್ತಿದ್ದುದು ಒಂದೇ ಮಾತು: “ಬರೀ ಒಂದು ದಿನ ಹಳ್ಳಕ್ಕೆ ಗಲೀಜು ಬಿಡೋದು ಎಲ್ರೂ ಒಟ್ಟಿಗೆ ನಿಲ್ಸಿ. ನೀರು ಹೆಂಗಿರ್ತದೆ ನೋಡಿ.”

ಕೇಳಿ ಕೇಳಿ ನಮಗೆ ಸಾಕಾಗಿತ್ತು.

ರೇಷ್ಮೆಗೆ ಒಳ್ಳೆಯ ಬೆಲೆ ಇದ್ದ ಕಾಲ. ರಾಮನಗರದ ಅಂಚಿನಲ್ಲಿ ಹಳ್ಳದ ಆಚೆಗೆ ನೂಲು ತೆಗೆಯುವವರ ಬೀದಿ, ಈಚೆಗೆ ನಮ್ಮ ಹಿಪ್ಪುನೇರಳೆ ತೋಟಗಳು. ಅವರು ಗೂಡು ಬೇಯಿಸಿದ ಗಬ್ಬು ನೀರನ್ನು ಹಳ್ಳಕ್ಕೆ ಬಿಡುತ್ತಿದ್ದರು. ನಾವು ಸತ್ತ ಹುಳುಗಳನ್ನು ಅಲ್ಲಿಗೇ ಸುರಿದು, ಹುಳು ಸಾಕುವ ತಟ್ಟೆಗಳನ್ನು ಅಲ್ಲೇ ತೊಳೆಯುತ್ತಿದ್ದೆವು. ಅದೇ ನೀರು ನಮ್ಮ ಸೊಪ್ಪಿಗೆ, ಅದೇ ನೀರು ಅವರ ಬಾಣಲೆಗೆ. ಇಲ್ಲಿ ಹುಳು ಸಾಯುತ್ತಿತ್ತು, ಅಲ್ಲಿ ನೂಲು ಮಂಕಾಗುತ್ತಿತ್ತು. ನಾವು ಅವರನ್ನು ಬೈಯುವುದು, ಅವರು ನಮ್ಮನ್ನು.

ಚಾಚಾ ಹಿಂದೆ ಕುವೈತಿನ ಬಂದರಿನಲ್ಲಿ ಕೆಲಸಕ್ಕಿದ್ದವರು. “ಆ ಸಮುದ್ರದ ಸುತ್ತ ಎಂಟು ದೇಶ. ಅದ್ರಾಗೆ ಎರಡಕ್ಕೆ ಲಡಾಯಿ. ಆದ್ರೂ ನೀರು ಗಲೀಜಾಗ್ಬಾರ್ದು ಅಂತ ಎಲ್ರೂ ಒಂದೇ ಕಾಗ್ದಕ್ಕೆ ರುಜು ಹಾಕವ್ರೆ. ಅರೆ, ನೀವಿರೋದು ಎರಡೇ ದಡ!”

ನನ್ನ ಗಂಡನ ಅಪ್ಪ, ನಮ್ಮ ಮಾವ, ಬಿಡುವವರಲ್ಲ. “ಅವ್ರನ್ನೇ ಕರ್ಕಬನ್ನಿ ಸಾಬ್ರೆ, ಇಲ್ಲೂ ಒಂದು ರುಜು ಹಾಕ್ಲಿ. ಮೊದ್ಲು ನಿಮ್ ಬೀದಿಯೋರು ನಿಲ್ಲಿಸ್ಲಿ.”

ಆ ಬೀದಿಯವರದೂ ಅದೇ ಮಾತು: ಮೊದಲು ರೈತರು ನಿಲ್ಲಿಸಲಿ.

ಒಮ್ಮೆ ರೇಗಿಹೋಗಿ ಚಾಚಾ ತಮ್ಮ ಮನೆಯ ಮೋರಿಗೆ ತಾವೇ ಮಣ್ಣು ಮೆತ್ತಿದರು. ಸಂಜೆಗೆ ಅಂಗಳದ ತುಂಬ ಗಬ್ಬು ನೀರು. ನಡುವೆ ಮಂಚದ ಮೇಲೆ ಕಾಲು ಮಡಚಿ ಕೂತಿದ್ದರು. “ಸಮುದ್ರ ಉಳಿಸೋಕ್ ಹೋಗಿ ಮನೇನೇ ಸಮುದ್ರ ಮಾಡ್ಬುಟ್ರಿ!” ಎನ್ನುತ್ತ ಚಾಚಿಯೇ ಮೋರಿ ಬಿಡಿಸಿದರು. ಎರಡೂ ದಡದವರು ನಕ್ಕೆವು. ನಗುವುದಕ್ಕೆ ಮಾತ್ರ ನಮ್ಮಲ್ಲಿ ಒಗ್ಗಟ್ಟು.

ಮರುದಿನವೂ ಆಚೆಯಿಂದ ನನಗೆ ಚಾಚಾನ ಎಂದಿನ ಕೂಗು: “ಹುಳ ಹೆಂಗವೆ ಮಗಾ?” ಹುಳು ಸತ್ತಿವೆ ಎಂದರೆ ಅವರಿಗೆ ಆ ದಿನ ಊಟ ಸೇರುತ್ತಿರಲಿಲ್ಲ.

ಅವರು ತೀರಿಕೊಂಡ ದಿನ ಬೀದಿಯಲ್ಲಿ ಯಾರೂ ಗೂಡು ಬೇಯಿಸುವ ಒಲೆ ಹಚ್ಚಲಿಲ್ಲ. ಈಚೆಯವರೂ ಎಲ್ಲ ಮಣ್ಣಿಗೆ ಹೋದರು, ತಟ್ಟೆ ತೊಳೆಯುವವರಿರಲಿಲ್ಲ. ಸಂಜೆ ಕಾಲು ತೊಳೆಯಲು ಹಳ್ಳಕ್ಕಿಳಿದ ಮಾವ ಹಾಗೆಯೇ ನಿಂತುಬಿಟ್ಟರು.

“ಬಾವ್ವ ಇಲ್ಲಿ.”

ನೀರಿನ ತಳದಲ್ಲಿ ಮರಳು ಕಾಣುತ್ತಿತ್ತು. ಅವರ ಕಾಲ್ಬೆರಳುಗಳೂ ಕಾಣುತ್ತಿದ್ದವು.

“ಸಾಬ್ರು ಹೇಳಿದ್ದು ದಿಟ ಕಣವ್ವ.”

ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. “ಈಗ ಯಾರಿಗೆ ಹೇಳ್ತಿದ್ದೀರಿ ಮಾವ?” ಎಂದೆ.

ಬೆಳಿಗ್ಗೆ ಆಚೆ ಬೀದಿಯಲ್ಲಿ ಹೊಗೆ ಎದ್ದಿತು. ತಟ್ಟೆಗಳನ್ನು ಹೊತ್ತು ಹಳ್ಳದವರೆಗೆ ಹೋದವಳು ಆ ಖಾಲಿ ದಡ ನೋಡಿ ಹಿಂದಿರುಗಿದೆ. ಸತ್ತ ಹುಳು ಹಾಕಲು ತೋಟದ ಮೂಲೆಯಲ್ಲಿ ಗುಂಡಿ ತೋಡತೊಡಗಿದೆ.

“ನಾವೇ ಮೊದ್ಲೇನವ್ವ?” ಎಂದರು ಮಾವ. ನಾನು ತೋಡುತ್ತಲೇ ಇದ್ದೆ. ಗೊಣಗುತ್ತ ಒಳಗೆ ಹೋದವರು ಹಾರೆ ಹಿಡಿದು ಬಂದರು.

“ಒಸಿ ಅಗಲುಕ್ಕೆ ತೋಡು. ಪಕ್ಕದೋರೂ ತಂದು ಹಾಕ್ಲಿ.”