ಅವ್ವನ ಗುಳಿಗೆ ಬಿಡಿಸಿದ ವಾರ

ನಾಲ್ಕು ವರ್ಷ ನಾನು ಪ್ರಯೋಗಾಲಯದಲ್ಲಿ ಇಲಿಗಳ ನಿದ್ದೆ ಕಾದವಳು. ತಲೆಗೆ ಸಣ್ಣ ತಂತಿ ಕೂಡಿಸಿದ ಬಿಳಿ ಇಲಿ ಕನಸಿನ ನಿದ್ದೆಗೆ ಜಾರಿದಾಗ, ಮಿದುಳಿನ ಬುಡದಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಸೂಸುವ ಜೀವಕೋಶಗಳು ಸುಮ್ಮನಾಗುತ್ತವೆ, ಕುತ್ತಿಗೆ ಮೆತ್ತಗಾಗುತ್ತದೆ. ಮೈಗೆ ಹೀಗೆ ಬೀಗ ಬೀಳುವುದರಿಂದಲೇ ಅದು ಕನಸು ಕಂಡರೂ ಎದ್ದು ಓಡುವುದಿಲ್ಲ. ಸೆರೊಟೋನಿನ್ ಹೆಚ್ಚಿಸಿದರೆ ಆ ನಿದ್ದೆಯ ಕ್ರಮವೇ ಕೆಡುತ್ತದೆ. ಇಷ್ಟು ತಿಳಿದದ್ದಕ್ಕೇ ನನಗೆ ಎಷ್ಟು ಸೊಕ್ಕು!

ರಜೆಗೆ ಬ್ಯಾಡಗಿಗೆ ಬಂದಾಗ ಅಪ್ಪನ ದವಡೆ ಬಾತಿತ್ತು. ಮೆಣಸಿನಕಾಯಿ ಪೇಟೆಯಲ್ಲಿ ಬಾಗಿಲು ಬಡಿಯಿತೆಂದು ಎಲ್ಲರಿಗೂ ಹೇಳಿದ್ದನಂತೆ. ನಿಜ ಸಂಗತಿ ಮರುದಿನ ಮಧ್ಯಾಹ್ನ ಕಂಡೆ. ಉಂಡು ಮಲಗಿದ್ದ ಅವ್ವ ಕಣ್ಣು ಮುಚ್ಚಿಕೊಂಡೇ "ಹಂದಿ ಬಂತು, ಹೊಡೀರಿ!" ಎಂದು ಚೀರಿ ಕಾಲು ಝಾಡಿಸಿದಳು. ತುಂಬಿದ ಕೊಡ ಉರುಳಿತು. ಅಪ್ಪನ ದವಡೆಗೆ ಬಡಿದದ್ದು ಈ ಕಾಲೇ.

ಅವ್ವ ಮನಸ್ಸಿನ ಬೇನೆಗೆ ದಿನಾ ಒಂದು ಗುಳಿಗೆ ನುಂಗುತ್ತಿದ್ದಳು, ಸೆರೊಟೋನಿನ್ ಹೆಚ್ಚಿಸುವಂಥದ್ದು. ಆ ಗುಳಿಗೆಯೇ ಮೈಯ ಬೀಗ ಸಡಿಲಿಸಿದೆ ಎಂದು ನಾನೇ ತೀರ್ಪು ಕೊಟ್ಟೆ. ಡಾಕ್ಟರನ್ನು ಕೇಳಲಿಲ್ಲ.

"ನಾಳಿಂದ ಈ ಗುಳಿಗಿ ಬ್ಯಾಡ ಬಿಡಬೇ ಯವ್ವಾ."

"ನೀ ಕಲತಾಕಿ, ನಿನಗ ಗೊತ್ತಿರತೈತಿ," ಎಂದು ಗುಳಿಗೆಯ ಪಟ್ಟಿಯನ್ನೇ ನನ್ನ ಕೈಗಿಟ್ಟಳು.

ಐದನೆಯ ದಿನ ಅವಳ ಕೈ ನಡುಗಿತು, ತಲೆ ಸುತ್ತಿತು. ಏಳನೆಯ ದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಉಂಡೆ ಹಿಡಿದುಕೊಂಡೇ ಗೋಡೆ ನೋಡುತ್ತ ಕುಳಿತಳು. ಹಂಚು ಹೊಗೆಯಾಡುತ್ತಿತ್ತು. ಕೂಗಿದೆ. "ನಾ ಇನ್ನ ಯಾಕ ಇರಬೇಕು?" ಎಂದಳು, ಉಪ್ಪು ಎಲ್ಲಿದೆ ಎಂದು ಕೇಳಿದಷ್ಟು ಸಲೀಸಾಗಿ.

ಅಯ್ಯೋ ಶಿವನೇ, ಎಂಥ ಕೆಲಸ ಮಾಡಿಬಿಟ್ಟೆ! ಅದೇ ಕ್ಷಣ ಅವಳನ್ನು ಹಾವೇರಿ ಬಸ್ಸು ಹತ್ತಿಸಿದೆ. ಮೋಟೆಬೆನ್ನೂರಿನಲ್ಲಿ ಬಸ್ಸು ನಿಂತಾಗ ಅವಳ ಸೆರಗನ್ನು ಮುಷ್ಟಿಯಲ್ಲಿ ಸುತ್ತಿಕೊಂಡೆ. ಇಳಿದು ರಸ್ತೆಗೆ ಓಡಿಬಿಟ್ಟಾಳೆಂಬ ಹೆದರಿಕೆ. ಹಾಗೆ ಹೆದರಿದ್ದು ಜನ್ಮದಲ್ಲಿ ಅದೇ ಮೊದಲು.

ಹಾವೇರಿಯಲ್ಲಿ ಡಾಕ್ಟರು ಅವ್ವನ ಪಾಡನ್ನೆಲ್ಲ ಕೇಳಿಸಿಕೊಂಡರು, ಗುಳಿಗೆ ನಿಂತದ್ದನ್ನೂ, ಅಪ್ಪನ ದವಡೆಯ ಕಥೆಯನ್ನೂ. "ನಿದ್ದ್ಯಾಗ ಒದಿಯೂದು ಈ ಗುಳಿಗಿಯಿಂದನೂ ಆಗಬಹುದು, ಖರೇ. ಬ್ಯಾರೆ ಕೊಡೂಣು. ಆದರ ಒಮ್ಮಿಗೇ ಬಿಡು ಅಂತ ನಿಮಗ ಯಾರ್ ಹೇಳಿದ್ರು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವನೇ ಅಂದಳು: "ಯಾರೂ ಹೇಳಿಲ್ರಿ. ನಾನಽ ಮರತೆ. ಈಕಿ ನೋಡಿ ಲಗೂನ ಕರಕೊಂಡ ಬಂದ್ಲು."

ಡಾಕ್ಟರು ನನ್ನತ್ತ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ.