ಮರಳು ಮುಟ್ಟುವ ಮೊದಲು ಎಣಿಸಬಾರದ ಮೀನು

ನನ್ನ ತಮ್ಮ ಮಂಗೇಶನಿಗೆ ಈಗ ಐವತ್ತಾರು. ಅವನ ಎಡಗೈ ಭುಜದಿಂದ ಮೇಲೆ ಏಳುವುದಿಲ್ಲ. ದೊಡ್ಡ ಬೋಟಿನಲ್ಲಿ ಬಲೆ ಎಳೆಯುವಾಗ ಹಗ್ಗ ಸುತ್ತಿಕೊಂಡು ಹಾಗಾಯಿತು. ಆಮೇಲೆ ಬೋಟಿನವರು ಯಾರೂ ಕರೆಯಲಿಲ್ಲ. ಅಪ್ಪನ ಹಳೇ ದೋಣಿಗೆ ಸಣ್ಣ ಇಂಜಿನು ಕೂರಿಸಿ, ರಜೆಗೆ ಬಂದವರನ್ನು ಕಾಳಿ ಹೊಳೆಗೆ ಗಾಳ ಹಾಕಲು ಕರೆದುಕೊಂಡು ಹೋಗುವ ಕೆಲಸ ಹಿಡಿದ. ನೀರಿನ ಮೇಲೆ ಅವನಿಗೆ ಉಳಿದಿರುವ ಕೆಲಸ ಅದೊಂದೇ.

ಹೋದ ವರ್ಷ ಅದಕ್ಕೂ ಪರವಾನಗಿ ಬೇಕು ಎಂದಾಯಿತು. ದೋಣಿಗೆ ಒಂದು, ಗಾಳ ಹಿಡಿಯುವ ಪ್ರತಿಯೊಬ್ಬರಿಗೂ ಒಂದೊಂದು ಚೀಟಿ. ಮಂಗೇಶ ಮೂರು ಸಲ ಮೀನುಗಾರಿಕೆ ಆಫೀಸಿಗೆ ಹೋದ. ಒಮ್ಮೆ ಫೋಟೊ ಸಣ್ಣದಾಯಿತು ಅಂದರು, ಇನ್ನೊಮ್ಮೆ ಸಾಹೇಬರು ಇಲ್ಲ ಅಂದರು. ಮೂರನೇ ಸಲ ಪರವಾನಗಿ ತಂದು ದೇವರ ಮುಂದೆ ಇಟ್ಟ. ಎದುರು ಮನೆಯ ಹುಡುಗಿ ಪ್ರಗತಿಯ ಹತ್ತಿರ ಓದಿಸಿದೆವು. ಗೇಣಿಗಿಂತ ಸಣ್ಣ ಮೀನು ಸಿಕ್ಕರೆ ತಿರುಗಿ ನೀರಿಗೆ ಬಿಡಬೇಕು. ಒಂದು ಚೀಟಿಗೆ ಐದೇ ಮೀನು.

ಸಣ್ಣ ಮೀನಿನ ಮಾತು ಕೇಳಿ ಅವನಿಗೆ ಖುಷಿಯಾಯಿತು. ದೋಣಿಯ ಹಲಗೆಯ ಮೇಲೆ ಚಾಕುವಿನಿಂದ ಗೇಣಿನ ಗೆರೆ ಕೊರೆದ. ಐದರ ಮಾತು ಮಾತ್ರ ಅವನಿಗೆ ಹಿಡಿಸಲಿಲ್ಲ. ಯಾಕೆಂದು ನನಗೆ ಗೊತ್ತಿತ್ತು.

ನಮ್ಮ ಮನೆಯವರು ದೋಣಿಯಲ್ಲಿ ಮೀನು ಎಣಿಸುವುದಿಲ್ಲ. ಮೀನು ಬುಟ್ಟಿಗೆ ಬೀಳಬೇಕು, ಮೇಲೆ ಒದ್ದೆ ಗೋಣಿ ಮುಚ್ಚಬೇಕು, ಅಷ್ಟೆ. ಬುಟ್ಟಿ ಮರಳು ಮುಟ್ಟಿದ ಮೇಲೆ ಹೆಂಗಸರು ಎಣಿಸುತ್ತಾರೆ. ಅಪ್ಪನ ಕಾಲದಲ್ಲಿ ಅಮ್ಮ ಎಣಿಸುತ್ತಿದ್ದಳು, ಈಗ ನಾನು. ನಮ್ಮ ದೊಡ್ಡಣ್ಣ ರಾಜು ಒಮ್ಮೆ ಇದನ್ನು ಮೀರಿದ. ಒಳ್ಳೇ ಮೀನು ಬಿದ್ದಿತ್ತಂತೆ. ದೋಣಿಯಲ್ಲೇ ನಿಂತು ಹಾಡಿನ ಹಾಗೆ ಎಣಿಸಿದನಂತೆ. ತಿರುಗಿ ಬರುವಾಗ, ಹೊಳೆ ಸಮುದ್ರಕ್ಕೆ ಸೇರುವ ಅಳಿವೆಯಲ್ಲಿ ದೋಣಿ ಮಗುಚಿತು. ಜೊತೆಗಿದ್ದ ಮಂಗೇಶ ಈಜಿ ದಡ ಸೇರಿದ. ಅವನಿಗಾಗ ಇಪ್ಪತ್ತು ವರ್ಷ. ರಾಜು ಸಿಕ್ಕಿದ್ದು ಮೂರನೇ ದಿನ. ನನ್ನನ್ನು ಆಗ ಅಂಕೋಲೆಗೆ ಕೊಟ್ಟಿದ್ದರು, ತವರಿಗೆ ತಿರುಗಿ ಬಂದದ್ದು ಆಮೇಲೆ. ಅಲ್ಲಿಯ ಮೀನು ಪೇಟೆಯಲ್ಲಿ ಕೂತಿದ್ದಾಗ ಸುದ್ದಿ ಬಂತು. ಬುಟ್ಟಿ ಅಲ್ಲೇ ಬಿಟ್ಟು ಬಸ್ಸು ಹತ್ತಿದ್ದು ನೆನಪಿದೆ. ಆ ಬುಟ್ಟಿ ಏನಾಯಿತೋ ಗೊತ್ತಿಲ್ಲ.

ಎಣಿಸಿದ್ದಕ್ಕೇ ಹೋದನೋ, ಅಳಿವೆಯ ನೀರು ಇಳಿಯುವ ಅಪಾಯದ ಹೊತ್ತು ನೋಡದೆ ಬಂದದ್ದಕ್ಕೆ ಹೋದನೋ, ನಾನು ಹೇಳಲಾರೆ. ಎಣಿಸಿದ್ದಕ್ಕೇ ಅಂತ ಮಂಗೇಶ ನಂಬಿದ್ದಾನೆ. ಎಣಿಸಿದವನನ್ನೇ ನೀರು ಬಲಿ ಕೇಳುತ್ತದೆ ಅನ್ನುತ್ತಾನೆ.

ಜನವರಿಯಲ್ಲಿ ಹುಬ್ಬಳ್ಳಿಯಿಂದ ಕೇಶವ, ಪ್ರೀತಿ ಅಂತ ಗಂಡ ಹೆಂಡತಿ ಬಂದರು. ಮಂಗೇಶ ಇಬ್ಬರಿಗೂ ಚೀಟಿ ಮಾಡಿಸಿ ಕರೆದುಕೊಂಡು ಹೋದ. ಅವತ್ತು ಸದಾಶಿವಗಡದ ಬದಿಯ ಬಂಡೆಗಳ ಹತ್ತಿರ ಗಾಳ ಬಿಟ್ಟದ್ದೇ ತಡ, ಮೀನು ಕಚ್ಚುತ್ತಿತ್ತಂತೆ. ಸಣ್ಣದನ್ನೆಲ್ಲ ಗೆರೆಗೆ ಹಿಡಿದು ನೋಡಿ ನೀರಿಗೆ ಬಿಟ್ಟ. ದೊಡ್ಡದು ಬುಟ್ಟಿಗೆ ಬಿತ್ತು, ಮೇಲೆ ಗೋಣಿ. ಎಣಿಕೆ ಮಾತ್ರ ಇಲ್ಲ. ಕಣ್ಣಳತೆಯಲ್ಲಿ ಹತ್ತು ಆಗಿರಬೇಕು ಅಂದುಕೊಂಡು ದೋಣಿ ತಿರುಗಿಸಿದ.

ದಡದಲ್ಲಿ ನನ್ನ ಪಕ್ಕ ಆಫೀಸಿನ ಗಾಯತ್ರಿ ಮೀನಿನ ಲೆಕ್ಕ ನೋಡಲು ನಿಂತಿದ್ದಳು. ಅಗಸೂರಿನ ಹುಡುಗಿ, ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ನಾನು ಗೋಣಿ ತೆಗೆದು ಜೋರಾಗಿ ಎಣಿಸಿದೆ. ಹತ್ತಾದ ಮೇಲೂ ಬುಟ್ಟಿಯ ತಳ ಕಾಣಲಿಲ್ಲ. ಬಾಯಿ ನಿಲ್ಲಿಸಬೇಕಿತ್ತು. ನಿಲ್ಲಿಸಿದ್ದರೂ ಅವಳಿಗೆ ಕಣ್ಣಿತ್ತಲ್ಲ. ಹದಿನೇಳು.

"ಏಳು ಹೆಚ್ಚಾಯ್ತಲ್ಲ ಮಂಗೇಶಣ್ಣ" ಅಂದಳು ಗಾಯತ್ರಿ.

"ನಮಗೆ ಇವ್ರು ಸಾಕು ಅಂತ ಹೇಳ್ಲೇ ಇಲ್ರಿ" ಅಂದ ಕೇಶವ.

ಮಂಗೇಶ ಅವನ ಕಡೆ ತಿರುಗಲಿಲ್ಲ. "ಹೌದು, ಹೇಳ್ಲಿಲ್ಲ. ತಪ್ಪು ನಂದೇ."

"ಎಣಿಸಲಿಕ್ಕೆ ಎಂತಾ ಕಷ್ಟ?" ಕೇಳಿದಳು ಗಾಯತ್ರಿ.

"ದೋಣೀಲಿ ಎಣಿಸೂದಿಲ್ಲ ನಾವು."

ಗಾಯತ್ರಿ ನನ್ನ ಮುಖ ನೋಡಿದಳು. ನಾನು ರಾಜುವಿನ ಸಂಗತಿ ಹೇಳಿದೆ. ಅವಳು ಪೆನ್ನು ಹಿಡಿದುಕೊಂಡೇ ಪೂರ್ತಿ ಕೇಳಿದಳು. ಆಮೇಲೆ ಮೆಲ್ಲಗೆ ಅಂದಳು, "ದುರ್ಗಕ್ಕ, ನಮ್ಮನೇಲೂ ಹೊಸ ಅಕ್ಕಿ ಅಳೆಯುವಾಗ ಮಾತಾಡೂದಿಲ್ಲ. ನಂಗೆ ಅರ್ಥ ಆಗ್ತದೆ. ಆದ್ರೆ ಸತ್ತ ಮೀನನ್ನ ಮರಳ ಮೇಲೆ ಎಣಿಸಿ ಯಾರಿಗೆ ಉಪಯೋಗ? ತಿರುಗಿ ಬಿಟ್ರೆ ಬದುಕ್ತದಾ?"

ಪರವಾನಗಿಯನ್ನು ಹದಿನೈದು ದಿನ ತಡೆಹಿಡಿದರು. ಇನ್ನೊಮ್ಮೆ ಹೆಚ್ಚಾದರೆ ಪೂರ್ತಿ ರದ್ದು.

ಆ ಹದಿನೈದು ದಿನ ಮಂಗೇಶ ದೋಣಿಯ ಹತ್ತಿರವೂ ಹೋಗಲಿಲ್ಲ. ಜಗುಲಿಯಲ್ಲಿ ಕೂತು ಗಾಳದ ದಾರ ಬಿಚ್ಚುವುದು, ಮತ್ತೆ ಸುತ್ತುವುದು. ನಾನೇ ಅಂದೆ, "ನಾನು ದೋಣೀಲಿ ಬಂದು ಎಣಿಸ್ತೆ. ನಂಗೆ ಎಪ್ಪತ್ತಾಯ್ತು, ನೀರು ಕೇಳಿದ್ರೆ ಕೇಳ್ಲಿ."

"ಸುಮ್ನೆ ಕೂತ್ಕೋ ಅಕ್ಕ. ದೋಣಿ ಹತ್ತಿದ್ರೆ ನಿಂಗೆ ವಾಂತಿ. ಎಣಿಸೂದು ಎಲ್ಲಿ ಬಂತು!" ಅಂದ. ನಕ್ಕ. ಕಣ್ಣು ನಗಲಿಲ್ಲ.

ಮಾರ್ಚಿನಲ್ಲಿ ಕೇಶವ, ಪ್ರೀತಿ ಮತ್ತೆ ಬಂದರು. ಹೋದ ಸಲದ್ದು ಮನಸ್ಸಿಗೆ ಚುಚ್ಚುತ್ತಿತ್ತಂತೆ. ದೋಣಿಯಲ್ಲಿ ನಡೆದದ್ದನ್ನು ಆಮೇಲೆ ಪ್ರೀತಿಯೇ ನನ್ನ ಹತ್ತಿರ ಕೂತು ಹೇಳಿದಳು.

ಮೊದಲ ಮೀನು ಬಿದ್ದ ಕೂಡಲೆ ಕೇಶವ ಅಂದನಂತೆ, "ನೀವು ಕಿವಿ ಮುಚ್ಕೊಳ್ರಿ, ನಾನು ಎಣಿಸ್ತೀನಿ. ನಮ್ಮ ಹುಬ್ಬಳ್ಳಿಯವರನ್ನ ಯಾವ ನೀರೂ ಕೇಳೂದಿಲ್ಲ, ನಲ್ಲಿ ನೀರೇ ಎಂಟು ದಿನಕ್ಕೊಮ್ಮೆ ಬರ್ತೈತಿ."

ಪ್ರೀತಿ ನಕ್ಕಳು. ಮಂಗೇಶ ಇಂಜಿನು ಬಂದ್ ಮಾಡಿದ. ದೋಣಿ ತನ್ನಷ್ಟಕ್ಕೆ ತೇಲತೊಡಗಿತು.

"ಬಾಯಿ ಬಿಡಬೇಡಿ" ಅಂದನಂತೆ. "ನನ್ನ ದೋಣೀಲಿ ಬಂದ ನೆಂಟರು ನೀವು. ಆ ಎಣಿಕೆ ನಿಮ್ಮ ಬಾಯಿಂದ ಬರೂದು ಬೇಡ."

ಕೇಶವ ಅಂಗೈಯಿಂದ ಬಾಯಿ ಒರೆಸಿಕೊಂಡ. ಮಂಗೇಶ ಬುಟ್ಟಿಯ ಮೇಲಿನ ಗೋಣಿ ತೆಗೆದು ಪಕ್ಕಕ್ಕೆ ಇಟ್ಟ. ಆಮೇಲೆ, "ಒಂದು" ಅಂದ. ಅಂಥಾ ದನಿಯಲ್ಲಿ ಯಾರೂ ಒಂದು ಅಂದದ್ದನ್ನು ಪ್ರೀತಿ ಕೇಳಿರಲಿಲ್ಲವಂತೆ.

ಎರಡು, ಮೂರು. ನಡುವೆ ಗೇಣಿಗೆ ಕಮ್ಮಿಯಿದ್ದವು ನೀರಿಗೆ ಹೋದವು. ಒಂಬತ್ತನೆಯದು ತೋಳುದ್ದದ ಚೊಣಕ ಮೀನು. ಕೇಶವ ಒಬ್ಬನಿಂದಾಗದೆ ಮಂಗೇಶ ಬಲಗೈ ಕೊಟ್ಟು ಎತ್ತಿದ. ಅಷ್ಟೊತ್ತಿಗೆ ಪ್ರೀತಿಯ ಗಾಳವೂ ಜಗ್ಗಿತು. ಹತ್ತು.

"ಇನ್ನೂ ಕಚ್ಚತಾವಲ್ರಿ! ಹಿಡಿದು ಹಿಡಿದು ಬಿಡೋಣ" ಅಂದ ಕೇಶವ.

"ಮುಗೀತು" ಅಂದು ಮಂಗೇಶ ಗಾಳ ಎಳೆದುಕೊಂಡ. ಇಳಿಯುವ ನೀರಿನಲ್ಲಿ ಹೊರಡಲು ಒಪ್ಪದೆ, ನೀರು ಏರುವವರೆಗೆ ಅಲ್ಲೇ ಲಂಗರು ಹಾಕಿ ಕೂತ, ಒಂದು ಗಂಟೆ. ಬಿಸಿಲಲ್ಲಿ ಅವರಿಬ್ಬರ ಮುಖ ಕೆಂಪಾಯಿತು.

ದೋಣಿ ಮರಳಿಗೆ ತಾಗಿದಾಗ ನಾನು ಅಭ್ಯಾಸದ ಮೇಲೆ ಬುಟ್ಟಿಗೆ ಬಗ್ಗಿದೆ.

"ಬೇಡ ಅಕ್ಕ" ಅಂದ. "ಎಣಿಸಿ ಆಯ್ತು."

ಗಾಯತ್ರಿ ಎಣಿಸಿ ಹತ್ತು ಅಂತ ಬರೆದುಕೊಂಡು ಹೋದಳು. ಮಂಗೇಶ ಮೊಣಕಾಲು ನೀರಿನಲ್ಲೇ ನಿಂತಿದ್ದ. ದೋಣಿಯ ಅಂಚಿನಿಂದ ಬಲಗೈ ತೆಗೆದಿರಲಿಲ್ಲ.

"ನಾಳೆ ಬೆಳಗಾವಿಯವ್ರು ಮೂರು ಜನ ಬರ್ತಾರೆ" ಅಂದ. "ನಾಳೆನೂ ಎಣಿಸ್ಬೇಕಲ್ಲ ಅಕ್ಕ?"

"ಎಣಿಸ್ಬೇಕು" ಅಂದೆ. ಬೇರೆ ಏನು ಹೇಳಲಿ?

ಪರವಾನಗಿ ಉಳಿಯಿತು. ಅವನು ದಿನಾ ಹೋಗುತ್ತಾನೆ, ದಿನಾ ಎಣಿಸುತ್ತಾನೆ, ದಿನಾ ಬರುತ್ತಾನೆ. ಹೆದರಿಕೆ ಹೋಗಿದೆಯೇ ಅಂತ ನಾನು ಕೇಳಿಲ್ಲ. ದೋಣಿ ಹೊರಟ ಮೇಲೆ ಮೊದಲಿನ ಹಾಗೆ ಮನೆಗೆ ಹೋಗಿ ಒಲೆ ಹಚ್ಚಲು ನನ್ನಿಂದ ಆಗುವುದಿಲ್ಲ. ಖಾಲಿ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಿರುತ್ತೇನೆ. ದೋಣಿ ಕಾಳಿ ಸೇತುವೆಯ ನೆರಳು ದಾಟಿ ಇತ್ತ ಬರುವುದು ಕಂಡಾಗ ಕಣ್ಣಿಗೆ ಕೈ ಅಡ್ಡ ಹಿಡಿದು ಎಣಿಸುತ್ತೇನೆ. ಮೀನನ್ನಲ್ಲ, ತಲೆಗಳನ್ನು. ಇವತ್ತು ಹೋದವರು ನಾಲ್ಕು. ಬರುವವರು ನಾಲ್ಕು ಆಗುವ ತನಕ ನಾನು ಏಳುವುದಿಲ್ಲ.